ಅಟಲ್ ಟಿಂಕರಿಂಗ್ ಲ್ಯಾಬ್ ಅನುದಾನ: ಒಬ್ಬ ರಿಪೇರಿ ಅಂಗಡಿಯವನ ರಿವ್ಯೂ

ಮಕ್ಕಳು ಕೈಯಾರೆ ಮಾಡಿ ಕಲಿಯುವ ಲ್ಯಾಬ್ ಮಾಡಲು ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಈ ಅನುದಾನದ ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ, ಪೂರ್ತಿ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಸಾಮಾನಿಗೆ ಐದಕ್ಕೆ ನಾಲ್ಕು. ದುಡ್ಡನ್ನು ಹಂಚಿರುವ ರೀತಿಗೆ ಮೂರು. ಬೇರೆ ಶಾಲೆಯ ಮಕ್ಕಳಿಗೂ ಊರಿನವರಿಗೂ ಬಾಗಿಲು ತೆರೆಯುವ ವಿಷಯದಲ್ಲಿ ಎರಡೂವರೆ. ಮಕ್ಕಳಿಗೆ ಮಾತ್ರ ಐದಕ್ಕೆ ಐದು, ಅದರಲ್ಲಿ ಚೌಕಾಶಿ ಇಲ್ಲ. ಒಟ್ಟು ಮೂರೂವರೆ ಅಂತ ಇಟ್ಟುಕೊಳ್ಳಿ.

ನಾನು ಮೇಷ್ಟ್ರಲ್ಲ. ಮಲೆನಾಡಿನ ಒಂದು ತಾಲೂಕು ಊರಿನಲ್ಲಿ ಮಿಕ್ಸಿ, ಟಿವಿ, ಯುಪಿಎಸ್ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಪಕ್ಕದ ಅನುದಾನಿತ ಹೈಸ್ಕೂಲಿಗೆ ಅಟಲ್ ಲ್ಯಾಬ್ ಬಂದಾಗ ಅಲ್ಲಿನ ಸೈನ್ಸ್ ಮೇಷ್ಟ್ರು ಅಂಗಡಿಗೆ ಬಂದು, "ಸ್ವಲ್ಪ ಬಂದು ಹೋಗಿ ಮಾರಾಯ್ರೆ, ಸೋಲ್ಡರಿಂಗ್ ನಮಗ್ಯಾರಿಗೂ ಸರಿಯಾಗಿ ಬರಲ್ಲ" ಅಂದರು. ಶನಿವಾರ ಬೆಳಗ್ಗಿನ ಶಾಲೆ, ಮಧ್ಯಾಹ್ನ ಲ್ಯಾಬ್ ಖಾಲಿ. ಆವತ್ತಿನಿಂದ ಶನಿವಾರ ಊಟ ಆದ ಮೇಲೆ ಶಟರ್ ಅರ್ಧ ಎಳೆದು ಅಲ್ಲಿಗೆ ಹೋಗುವುದು ರೂಢಿಯಾಗಿದೆ. ಈ ಯೋಜನೆಯಲ್ಲಿ ಮೆಂಟರ್ ಅಂತ ಆನ್‌ಲೈನಿನಲ್ಲಿ ಹೆಸರು ಕೊಟ್ಟು ಸಂಬಳ ಇಲ್ಲದೆ ಕಲಿಸುವವರು ದೇಶದ ತುಂಬಾ ಇದ್ದಾರೆ. ನಾನು ಆ ಪಟ್ಟಿಯಲ್ಲಿ ಇಲ್ಲ. ಸುಮ್ನೆ ಕರೆದರು, ಹೋದೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, 2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಮಾಡುತ್ತೇವೆ ಅಂತ ಘೋಷಿಸಿದರು. ಅಲ್ಲಿಯವರೆಗೆ ಇಡೀ ದೇಶದಲ್ಲಿ ಆಗಿದ್ದು ಸುಮಾರು 10,000. ಲೆಕ್ಕ ಹಾಕಿ ನೋಡಿ, ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಮೀಟಿಂಗಿನಲ್ಲೂ ಈ ಮಾತು ಇವತ್ತಲ್ಲ ನಾಳೆ ಬಂದೇ ಬರುತ್ತದೆ. ನಾನು ಹೇಳುವುದು ಮೊದಲಿನ 20 ಲಕ್ಷದ ಯೋಜನೆಯಲ್ಲಿ ಬಂದ ಲ್ಯಾಬ್ ಬಗ್ಗೆ, ಒಳಗೆ ಕೂತು ನೋಡಿದ್ದು.

ಯೋಜನೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನೀತಿ ಆಯೋಗದ ಅಡಿಯಲ್ಲಿ 2016ರಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಶುರುವಾಯಿತು. ಅದರದ್ದೇ ಶಾಲಾ ಕಾರ್ಯಕ್ರಮ ಇದು. ಆರನೇ ಕ್ಲಾಸಿನಿಂದ ಹನ್ನೆರಡರವರೆಗಿನ ಮಕ್ಕಳಿಗೆ. ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ: 10 ಲಕ್ಷ ಒಂದೇ ಸಲ ಸಾಮಾನಿಗೆ, ಇನ್ನೊಂದು 10 ಲಕ್ಷ ಐದು ವರ್ಷ ನಡೆಸುವ ಖರ್ಚಿಗೆ. ಮೊದಲ ಕಂತಿನಲ್ಲಿ ಸಾಮಾನಿನ 10 ಮತ್ತು ನಡೆಸಲು 2, ಹೀಗೆ 12 ಲಕ್ಷ. ಖರ್ಚಿನ ಲೆಕ್ಕವನ್ನು ಆಡಿಟ್ ಮಾಡಿಸಿ ಯುಸಿ, ಅಂದರೆ ದುಡ್ಡು ಬಳಸಿದ್ದಕ್ಕೆ ಪ್ರಮಾಣಪತ್ರ, ಕೊಡಬೇಕು, ಆಮೇಲೆ ಮುಂದಿನದು. ಜಾಗ ಮಾತ್ರ ಶಾಲೆಯದೇ ಆಗಬೇಕು. ಬಯಲು ಪ್ರದೇಶದಲ್ಲಿ 1,500 ಚದರ ಅಡಿ.

ಈ 1,500 ಚದರ ಅಡಿ ಅನ್ನುವುದೇ ಮೊದಲ ಜರಡಿ. ಎರಡು ಕ್ಲಾಸ್‌ರೂಮಿಗಿಂತ ದೊಡ್ಡ ಜಾಗ ಖಾಲಿ ಇರುವ ಹಳ್ಳಿ ಶಾಲೆ ಎಷ್ಟಿವೆ ಹೇಳಿ. ಮಕ್ಕಳು ಕಡಿಮೆಯಾಗಿ ರೂಮು ಖಾಲಿ ಬಿದ್ದಿರುವ ಶಾಲೆಗೆ ಜಾಗ ಇರುತ್ತದೆ, ಮಕ್ಕಳಿರುವುದಿಲ್ಲ. ಮಕ್ಕಳು ತುಂಬಿರುವ ಶಾಲೆಯಲ್ಲಿ ಲೈಬ್ರರಿಯೇ ಕಾರಿಡಾರಿನಲ್ಲಿ ಇರುತ್ತದೆ. ಇಲ್ಲಿ ಹಳೇ ಹಾಸ್ಟೆಲ್ ಊಟದ ಹಾಲ್ ಇತ್ತು, ಅದಕ್ಕೇ ಬಣ್ಣ ಬಳಿದು ಕಿಟಕಿಗೆ ಗ್ರಿಲ್ ಹಾಕಿಸಿದರು. ಆ ಖರ್ಚಿಗೆ ಮ್ಯಾನೇಜ್‌ಮೆಂಟಿನವರು ಊರಿನ ನಾಲ್ಕು ಜನರ ಹತ್ತಿರ ಕೈ ಚಾಚಿದರು. ಅದು 20 ಲಕ್ಷದ ಹೊರಗಿನ ಲೆಕ್ಕ.

ಈಗ ಸಾಮಾನಿಗೆ ಬರುತ್ತೇನೆ, ನನಗೆ ಗೊತ್ತಿರುವ ವಿಷಯ ಅದೇ.

ಸಾಮಾನನ್ನು ನಾಲ್ಕು ಭಾಗ ಮಾಡಿದ್ದಾರೆ. ಎಲೆಕ್ಟ್ರಾನಿಕ್ಸ್, ರೋಬೋಟ್, ಸೆನ್ಸರ್ ಒಂದು ಕಡೆ. ಪ್ಲಾಸ್ಟಿಕ್ ಕರಗಿಸಿ ಪದರ ಪದರವಾಗಿ ವಸ್ತು ಮಾಡುವ ತ್ರೀಡಿ ಪ್ರಿಂಟರ್ ಇನ್ನೊಂದು ಕಡೆ. ಡ್ರಿಲ್, ಸ್ಪ್ಯಾನರ್, ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತರದ ಕೈ ಹತಾರ ಮೂರನೆಯದು. ಪವರ್ ಸಪ್ಲೈ, ಕನ್ನಡಕ, ಗ್ಲೌಸ್ ಇತ್ಯಾದಿ ನಾಲ್ಕನೆಯದು. ಖರೀದಿ ಸರ್ಕಾರದ ಆನ್‌ಲೈನ್ ಸಂತೆಯಾದ ಜೆಮ್ ಪೋರ್ಟಲಿನಲ್ಲಿ. ಪಟ್ಟಿ ಮಾಡಿದವರಿಗೆ ವಿಷಯ ಗೊತ್ತಿದೆ, ಇದನ್ನು ಒಪ್ಪಲೇಬೇಕು. ನಾನು ಐಟಿಐ ಓದುವಾಗ ಆಸಿಲೋಸ್ಕೋಪ್‌ಗೆ ಬೀರುವಿನೊಳಗೆ ಬೀಗ ಹಾಕಿಟ್ಟಿರುತ್ತಿದ್ದರು, ಇಲ್ಲಿ ಏಳನೇ ಕ್ಲಾಸಿನ ಹುಡುಗ ಮಲ್ಟಿಮೀಟರ್ ಕೊರಳಿಗೆ ನೇತು ಹಾಕಿಕೊಂಡು ಓಡಾಡುತ್ತಾನೆ. ಕೋಡ್ ಬರೆದು ಹಾಕಿದರೆ ಮೋಟರು, ಸೆನ್ಸರು ಓಡಿಸುವ ಪುಟ್ಟ ಕಂಪ್ಯೂಟರಿನಂಥ ಆರ್ಡುಯಿನೋ ಊನೋ ಬೋರ್ಡು ಬೇಕಾದಷ್ಟು ಇವೆ. ಹದಿನಾಲ್ಕು ಡಿಜಿಟಲ್ ಪಿನ್ನು, ಆರು ಅನಲಾಗ್ ಪಿನ್ನು, ಐದು ವೋಲ್ಟು, ತಪ್ಪು ವೈರಿಂಗ್ ಮಾಡಿದರೂ ಸುಲಭಕ್ಕೆ ಸಾಯುವುದಿಲ್ಲ. ಹುಡುಗರ ಕೈಗೆ ಕೊಡಲು ಇದಕ್ಕಿಂತ ಗಟ್ಟಿ ಪ್ರಾಣಿ ಇಲ್ಲ.

ಆದರೆ ನಿಜವಾಗಿ ಓಡುವ ಸಾಮಾನು ಯಾವುದು ಗೊತ್ತಾ? ಸೋಲ್ಡರಿಂಗ್ ಐರನ್, ಅಂಟಿನ ಗನ್, ಮಲ್ಟಿಮೀಟರ್, ವೈರ್ ಕಟರ್. ಮೊದಲು ಮುಗಿಯುವುದು ಬೋರ್ಡಿಗೆ ಸಿಕ್ಕಿಸುವ ಜಂಪರ್ ವೈರು, ಎಲ್‌ಇಡಿ, ಸೋಲ್ಡರ್ ತಂತಿ. 10 ಲಕ್ಷದ ಸಾಮಾನು ಗೋಡೆಗೆ ಸಾಲಾಗಿ ನಿಂತಿರುತ್ತದೆ, ಸೋಲ್ಡರ್ ತಂತಿ ಇಲ್ಲ ಅಂತ ಮೂವತ್ತು ಮಕ್ಕಳು ಕೈ ಕಟ್ಟಿ ಕೂತಿರುತ್ತಾರೆ. ನನ್ನ ಅಂಗಡಿಯಿಂದ ಒಯ್ದದ್ದೂ ಉಂಟು. ಬೆಂಗಳೂರಿಗೆ ಹೋಗುವವರು ಸಿಕ್ಕಿದರೆ ಎಸ್.ಪಿ. ರೋಡಿನಿಂದ ತರಿಸುತ್ತೇನೆ, ಅಲ್ಲಿ ತೂಕಕ್ಕೆ ಸಿಗುವ ಸಾಮಾನು ಇಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಕೊಳ್ಳಬೇಕು.

ತ್ರೀಡಿ ಪ್ರಿಂಟರ್ ಕಥೆ ಸ್ವಲ್ಪ ಉದ್ದ. ಸಪ್ಲೈ ಮಾಡಿದ ಕಂಪನಿಯ ಹುಡುಗ ಬಂದ, ಒಂದು ಕೀ ಚೈನು ಪ್ರಿಂಟ್ ಮಾಡಿ ತೋರಿಸಿದ, ಹೆಡ್ ಮೇಷ್ಟ್ರ ಜೊತೆ ಫೋಟೋ ತೆಗೆಸಿಕೊಂಡ, ಸಹಿ ಹಾಕಿಸಿಕೊಂಡು ಹೋದ. ಮಳೆಗಾಲ ಶುರುವಾಗುವ ಹೊತ್ತಿಗೆ ಪ್ರಿಂಟರ್ ನಿಂತಿತು. ಫೋನು ಮಾಡಿದರೆ "ಸರ್ವೀಸ್ ಟಿಕೆಟ್ ರೈಸ್ ಮಾಡಿ" ಅಂತ ಉತ್ತರ. ಟಿಕೆಟ್ ರೈಸ್ ಮಾಡಿದೆವು. ಅದು ಎಲ್ಲಿಯವರೆಗೆ ಏರಿತೋ ದೇವರೇ ಬಲ್ಲ, ಕೆಳಗಂತೂ ಇಳಿದು ಬರಲಿಲ್ಲ. ಕಂಪನಿಯ ಹೆಸರು ಬೇಡ, ಅವರೊಬ್ಬರದ್ದೇ ಕಥೆ ಅಂತ ನನಗೆ ಅನಿಸುವುದಿಲ್ಲ.

ಬಿಚ್ಚಿ ನೋಡಿದರೆ ತೊಂದರೆ ಸಣ್ಣದು. ಈ ಪ್ರಿಂಟರಿಗೆ ಹಾಕುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ದಾರ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಇನ್ನು ಬಿಚ್ಚಿಟ್ಟ ಪ್ಲಾಸ್ಟಿಕ್ ಸುರುಳಿ ಯಾವ ಲೆಕ್ಕ. ತೇವ ಕುಡಿದ ದಾರ ಕೈಯಲ್ಲಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. 200 ಡಿಗ್ರಿ ಬಿಸಿಯಲ್ಲಿ ದಾರ ಕರಗಿಸಿ ಬಿಡುವ ಮೂತಿಯಾದ ನಾಝಲ್‌ಗೆ ಹೋದಾಗ ಆ ನೀರು ಆವಿಯಾಗಿ ಚಿಟಚಿಟ ಅನ್ನುತ್ತದೆ, ಪ್ರಿಂಟು ಕೂದಲು ಕೂದಲಾಗಿ ಬರುತ್ತದೆ. ಜೊತೆಗೆ ನಾಝಲ್ ತೂತು 0.4 ಮಿಲಿಮೀಟರ್, ಧೂಳು ಸಿಕ್ಕಿದರೂ ಕಟ್ಟಿಕೊಳ್ಳುತ್ತದೆ. ನಾಝಲ್ ಬದಲಿಸಿದ್ದಾಯಿತು, ಹಿತ್ತಾಳೆಯದು, ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಕೊಡುವ ದುಡ್ಡಿಗೆ ಸಿಗುತ್ತದೆ. ದಾರದ ಸುರುಳಿ ಇಡಲು ಗಾಳಿ ಆಡದ ದೊಡ್ಡ ಅಕ್ಕಿ ಡಬ್ಬಿ ತಂದು, ಚಪ್ಪಲಿ ಅಂಗಡಿಯವರ ಹತ್ತಿರ ಡಬ್ಬದೊಳಗೆ ಬರುವ ಸಿಲಿಕಾ ಪುಡಿಯ ಚೀಟಿಗಳನ್ನು ಕೇಳಿ ತಂದು ಒಳಗೆ ಹಾಕಿದೆವು. ಈಗ ಡಬ್ಬಿ ನೋಡಿಕೊಳ್ಳುವುದು ಎಂಟನೇ ಕ್ಲಾಸಿನ ಇಬ್ಬರು ಹುಡುಗರ ಡ್ಯೂಟಿ. ಕರೆಂಟ್ ಹೋದರೆ ಮೂರು ಗಂಟೆಯ ಪ್ರಿಂಟು ಅರ್ಧಕ್ಕೆ ನಿಂತು ಹಾಳಾಗುತ್ತದೆ, ಅದಕ್ಕೆ ನನ್ನ ಅಂಗಡಿಯ ಹಳೇ ಯುಪಿಎಸ್ ಒಂದನ್ನು ಅಲ್ಲಿಟ್ಟಿದ್ದೇನೆ.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, ಅನುದಾನದಲ್ಲಿ ಪ್ರಿಂಟರಿಗೆ ದುಡ್ಡು ಇದೆ, ರಿಪೇರಿಗೂ ದುಡ್ಡು ಇದೆ. ಬಿಚ್ಚಿ ನೋಡುವ ಧೈರ್ಯ ಇರುವ ಮನುಷ್ಯ ಮಾತ್ರ ಪಟ್ಟಿಯಲ್ಲಿ ಇಲ್ಲ. ಮೇಷ್ಟ್ರಿಗೆ ಬಿಚ್ಚಲು ಹೆದರಿಕೆ, ಅದು ಸರ್ಕಾರಿ ದುಡ್ಡಿನ ಸಾಮಾನು, ಸ್ಟಾಕ್ ರಿಜಿಸ್ಟರಿನಲ್ಲಿ ಅವರ ಸಹಿ ಇದೆ, ಹಾಳಾದರೆ ಕೇಳುವುದು ಅವರನ್ನೇ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಮುಟ್ಟುತ್ತಿರಲಿಲ್ಲವೇನೋ.

ಈಗ ಮೂರು ಮಾರ್ಕು ಯಾಕೆ ಅನ್ನುವ ಲೆಕ್ಕ. ನಡೆಸುವ ಖರ್ಚಿಗೆ ಐದು ವರ್ಷಕ್ಕೆ 10 ಲಕ್ಷ. ವರ್ಷಕ್ಕೆ 2 ಲಕ್ಷ, ತಿಂಗಳಿಗೆ ಹದಿನಾರು ಸಾವಿರ ಚಿಲ್ಲರೆ. ಇದರಲ್ಲೇ ವೈರು, ಎಲ್‌ಇಡಿ, ರಿಪೇರಿ, ಉಪನ್ಯಾಸ, ಸ್ಪರ್ಧೆ, ಹೊರಗಿನಿಂದ ಬರುವವರಿಗೆ ಗೌರವಧನ. ಗೌರವಧನಕ್ಕೆ ದಾರಿ ಇದೆ ನಿಜ. ಆದರೆ ದಿನಾ ಬಂದು ಲ್ಯಾಬ್ ತೆಗೆದು, ಮಕ್ಕಳ ಜೊತೆ ಕೂತು, ಸಾಮಾನು ಎಣಿಸಿ ಬೀಗ ಹಾಕುವ ಒಬ್ಬ ಡಿಪ್ಲೊಮಾ ಹುಡುಗಿಯನ್ನು ಇಡೀ ವರ್ಷ ಇಟ್ಟುಕೊಂಡರೆ ಬೇರೆ ಯಾವುದಕ್ಕೂ ದುಡ್ಡು ಉಳಿಯುವುದಿಲ್ಲ. ಹಾಗಾಗಿ ಲ್ಯಾಬ್ ಬೀಳುವುದು ಸೈನ್ಸ್ ಮೇಷ್ಟ್ರ ತಲೆ ಮೇಲೆ. ಅವರಿಗೆ ಹತ್ತನೇ ಕ್ಲಾಸಿನ ಪೋರ್ಷನ್ ಇದೆ, ಎಸ್‌ಎಸ್‌ಎಲ್‌ಸಿ ರಿಸಲ್ಟು ಕಡಿಮೆಯಾದರೆ ಕೇಳುವವರಿದ್ದಾರೆ, ಮಧ್ಯೆ ಮಧ್ಯೆ ಚುನಾವಣೆ ಡ್ಯೂಟಿ, ಗಣತಿ. ಲ್ಯಾಬ್ ಬೀಗ ತೆಗೆಯದಿದ್ದರೆ ಕೇಳುವವರು ಯಾರೂ ಇಲ್ಲ. ನನ್ನ ಕೈಗೆ ಪೆನ್ನು ಕೊಟ್ಟರೆ ಸಾಮಾನಿಗೆ 6 ಲಕ್ಷ ಸಾಕು ಅಂತ ಬರೆದು ಉಳಿದ 4 ಲಕ್ಷವನ್ನು ಮನುಷ್ಯನ ಕಡೆ ತಿರುಗಿಸುತ್ತೇನೆ. ಇದಕ್ಕೆ ಮೇಷ್ಟ್ರ ವಾದ ಬೇರೆ, ಅವರ ಪ್ರಕಾರ ಸಾಮಾನು ಬಂದರೆ ಎಲ್ಲಿಂದಾದರೂ ನಿಮ್ಮಂಥವರು ಬರುತ್ತೀರಿ, ದುಡ್ಡು ಬಂದರೆ ಅದಕ್ಕೆ ಪೈಪೋಟಿಯಷ್ಟೇ ಬರುತ್ತದೆ. ಈ ಜಗಳ ನಮ್ಮಲ್ಲಿ ಚಹಾದ ಜೊತೆ ನಡೆಯುತ್ತಲೇ ಇರುತ್ತದೆ.

ಇನ್ನು ಮಕ್ಕಳು. ಮೊದಮೊದಲು ಎಲ್ಲರೂ ಮಾಡುವುದು ಸ್ಮಾರ್ಟ್ ಡಸ್ಟ್‌ಬಿನ್. ಕೈ ಹತ್ತಿರ ತಂದರೆ ಮುಚ್ಚಳ ತೆರೆಯುವ ಕಸದ ಬುಟ್ಟಿ. ಎರಡನೆಯದು ಕುರುಡರ ಕೋಲು, ಎದುರಿಗೆ ಗೋಡೆ ಬಂದರೆ ಕೀ ಅನ್ನುವುದು. ಯಾವ ವಿಜ್ಞಾನ ಮೇಳಕ್ಕೆ ಹೋದರೂ ಇವೆರಡು ಸಾಲು ಸಾಲಾಗಿ ಇರುತ್ತವೆ, ಎಲ್ಲಾ ಯೂಟ್ಯೂಬಿನ ಕೃಪೆ. ನಾನು ಅದನ್ನು ಬೈಯುವುದಿಲ್ಲ. ಕಸದ ಬುಟ್ಟಿಯಲ್ಲೇ ಕಲಿಯುವುದು ಬಹಳ ಇದೆ. ಮುಚ್ಚಳ ಎತ್ತುವ ಸಣ್ಣ ಸರ್ವೋ ಮೋಟರನ್ನು ಚೌಕಾಕಾರದ 9 ವೋಲ್ಟಿನ ಬ್ಯಾಟರಿಗೆ ಹಾಕಿ ಓಡಿಸುತ್ತಾರೆ. ಮುಚ್ಚಳ ಎರಡು ಸಲ ಎತ್ತುತ್ತದೆ, ಆಮೇಲೆ ನಡುಗುತ್ತದೆ, ಬೋರ್ಡಿನ ದೀಪ ಆರಿ ಹತ್ತುತ್ತದೆ. "ಅಣ್ಣಾ, ಕೋಡ್ ತಪ್ಪಾಗಿದೆ" ಅಂತ ಓಡಿ ಬರುತ್ತಾರೆ. ಕೋಡ್ ಸರಿಯಾಗೇ ಇರುತ್ತದೆ. ಆ ಬ್ಯಾಟರಿ ರೇಡಿಯೋ, ಗಡಿಯಾರದಂಥ ಮೆಲ್ಲಗೆ ಕುಡಿಯುವ ಸಾಮಾನಿಗೆ ಮಾಡಿದ್ದು, ಮೋಟರು ಎಳೆಯುವಷ್ಟು ಕರೆಂಟು ಕೊಡಲು ಹೋದರೆ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. ನಾನು ಬಾಯಲ್ಲಿ ಹೇಳುವುದಿಲ್ಲ, ಮಲ್ಟಿಮೀಟರ್ ಕೈಗೆ ಕೊಟ್ಟು ಮುಚ್ಚಳ ಏಳುವಾಗ ಓದು ಅನ್ನುತ್ತೇನೆ. 9 ಇದ್ದದ್ದು ಕಣ್ಣ ಮುಂದೆಯೇ 5ಕ್ಕೆ ಇಳಿದಾಗ ಮುಖ ನೋಡಬೇಕು. ಓಮ್ಸ್ ಲಾ ಅವರ ಪುಸ್ತಕದಲ್ಲಿ ಇದೆ, ಪರೀಕ್ಷೆಯಲ್ಲಿ ಬರೆದೂ ಬಂದಿರುತ್ತಾರೆ.

ನನಗೆ ಇಷ್ಟವಾದ ಪ್ರಾಜೆಕ್ಟ್ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯದ್ದು. ಅವರ ಮನೆಯಲ್ಲಿ ಅಡಿಕೆ ತೋಟ. ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರಡಿರುತ್ತಾರೆ, ಮನೆಯವರೆಲ್ಲಾ ತೋಟದಲ್ಲಿ ಕೊಯ್ಲಿಗೆ ಹೋದಾಗ ಅಕಾಲದ ಮಳೆ ಬಂದರೆ ಟಾರ್ಪಾಲು ಮುಚ್ಚುವವರಿಲ್ಲ. ನೆನೆದ ಅಡಿಕೆಗೆ ಬೂಷ್ಟು ಬಂದರೆ ಮಂಡಿಯಲ್ಲಿ ರೇಟು ಬಿದ್ದ ಹಾಗೆಯೇ. ಅದಕ್ಕೆ ಅವಳಿಗೆ ಮಳೆಯ ಮೊದಲ ಹನಿಗೇ ತೋಟದವರೆಗೆ ಕೇಳುವ ಹಾರ್ನ್ ಬೇಕಿತ್ತು.

ಕಿಟ್ಟಿನಲ್ಲಿ ಮಳೆ ಸೆನ್ಸರ್ ಇತ್ತು. ಬಾಚಣಿಗೆ ಹಲ್ಲಿನ ಹಾಗೆ ತಾಮ್ರದ ಗೆರೆ ಇರುವ ಒಂದು ಚಿಕ್ಕ ಪ್ಲೇಟು. ನೀರು ಬಿದ್ದರೆ ಎರಡು ಗೆರೆಗಳ ನಡುವೆ ಕರೆಂಟು ಹರಿಯುತ್ತದೆ, ಬೋರ್ಡಿಗೆ ಗೊತ್ತಾಗುತ್ತದೆ. ಮೊದಲ ಪ್ಲೇಟು ಕೆಲವೇ ದಿನದಲ್ಲಿ ಹಸಿರು ಹಿಡಿದು ಸತ್ತಿತು. ಎರಡನೆಯದೂ ಅದೇ ದಾರಿ ಹಿಡಿಯಿತು. ಹುಡುಗಿ ಸಾಮಾನೇ ಕಳಪೆ ಅಂದಳು. ಪ್ಲೇಟಿನ ಎರಡೂ ಗೆರೆಗಳನ್ನು ಭೂತಗನ್ನಡಿಯಲ್ಲಿ ತೋರಿಸಿದೆ, ಒಂದು ಕಡೆಯ ಗೆರೆ ಮಾತ್ರ ತಿಂದು ಹೋಗಿತ್ತು. ಯಾಕೆ ಒಂದೇ ಕಡೆ? ಅದಕ್ಕೆ ಉತ್ತರ ಅವಳ ರಸಾಯನಶಾಸ್ತ್ರದ ಪಾಠದಲ್ಲೇ ಸಿಕ್ಕಿತು, ವಿದ್ಯುದ್ವಿಭಜನೆ. ಪ್ಲೇಟಿಗೆ ಹಗಲು ರಾತ್ರಿ ಡಿಸಿ ಕರೆಂಟು ಕೊಟ್ಟಿದ್ದಳು, ಇಬ್ಬನಿ ಬಿದ್ದಾಗೆಲ್ಲಾ ಪಾಸಿಟಿವ್ ಕಡೆಯ ಲೋಹ ಕರಗುತ್ತಾ ಹೋಯಿತು. ಪರಿಹಾರವೂ ಅವಳದ್ದೇ. ಪ್ಲೇಟಿನ ಪವರ್ ವೈರನ್ನು 5 ವೋಲ್ಟಿನಿಂದ ಬಿಡಿಸಿ ಒಂದು ಡಿಜಿಟಲ್ ಪಿನ್ನಿಗೆ ಹಾಕಿದಳು. ಅರ್ಧ ನಿಮಿಷಕ್ಕೊಮ್ಮೆ ಪಿನ್ನು ಒಂದು ಕ್ಷಣ ಆನ್ ಆಗುತ್ತದೆ, ಓದುತ್ತದೆ, ಆಫ್ ಆಗುತ್ತದೆ. ಆ ಪ್ಲೇಟು ಕೊಯ್ಲು ಮುಗಿಯುವವರೆಗೂ ಬಾಳಿತು.

ಇಬ್ಬನಿಗೆ ಬೆಳಗಿನ ಜಾವ ಹಾರ್ನ್ ಹೊಡೆದು ಅವಳ ಅಜ್ಜ ಬೈದ ಮೇಲೆ, ಪ್ಲೇಟನ್ನು ಓರೆಯಾಗಿಟ್ಟು ಎರಡು ಸಲ ಸತತವಾಗಿ ಒದ್ದೆ ಕಂಡರೆ ಮಾತ್ರ ಕೂಗು ಅಂತ ಕೋಡ್ ತಿದ್ದಿದ್ದಾಯಿತು. ಹಾರ್ನ್ ಹಳೇ ಬೈಕಿನದ್ದು. ಊನೋದ ಪಿನ್ನು ಕೊಡುವುದು 20 ಮಿಲಿ ಆಂಪಿಯರ್, ಹಾರ್ನ್ ಕೇಳುವುದು ಅದರ ನೂರು ಪಟ್ಟು, ಅದಕ್ಕೆ ಮಧ್ಯೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ರಿಲೇ, 12 ವೋಲ್ಟಿಗೆ ನನ್ನ ಅಂಗಡಿಯ ಹಳೇ ಯುಪಿಎಸ್ ಬ್ಯಾಟರಿ. ಮನೆಯ 230 ವೋಲ್ಟನ್ನು ಮಕ್ಕಳ ಪ್ರಾಜೆಕ್ಟಿಗೆ ಮುಟ್ಟಿಸುವುದಿಲ್ಲ, ಆ ವಿಷಯದಲ್ಲಿ ನಾನು ಹಠಮಾರಿ. ಸೋಲ್ಡರಿನಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಯಾರೂ ತಿಂಡಿ ಡಬ್ಬಿ ಬಿಚ್ಚುವ ಹಾಗಿಲ್ಲ ಅನ್ನುವುದು ಎರಡನೇ ಹಠ.

ಇದರಲ್ಲಿ ಅನುದಾನದ ಪಾಲು ಎಷ್ಟು? ಬೋರ್ಡು, ಮೂರು ಪ್ಲೇಟು, ರಿಲೇ, ಒಂದಷ್ಟು ವೈರು. ಸಾವಿರ ರೂಪಾಯಿ ಒಳಗೆ. ಆದರೆ ಎರಡು ಪ್ಲೇಟು ಸುಟ್ಟರೂ ಮೂರನೆಯದು ಡ್ರಾಯರಿನಲ್ಲಿ ಇತ್ತು ನೋಡಿ, ಅಲ್ಲಿ ಈ ಅನುದಾನಕ್ಕೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಹಾಳು ಮಾಡಲು ಸಾಮಾನು ಇರಬೇಕು. ಮನೆಯಲ್ಲಿ ಅಪ್ಪನ ಹತ್ತಿರ ಮೂರನೇ ಸಲ ದುಡ್ಡು ಕೇಳಲು ಯಾವ ಹುಡುಗಿಗೂ ಆಗುವುದಿಲ್ಲ.

ಹೋಲಿಕೆಗೆ ಇನ್ನೆರಡನ್ನು ಹೇಳುತ್ತೇನೆ, ಶಾಲೆಯವರಿಗೆ ಉಪಯೋಗ ಆಗಬಹುದು.

ಒಂದು, ಇನ್‌ಸ್ಪೈರ್ ಮಾನಕ್. ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ ಮತ್ತು ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ಸೇರಿ ನಡೆಸುವುದು. ಮಕ್ಕಳು ಐಡಿಯಾ ಬರೆಯುತ್ತಾರೆ, ಶಾಲೆಯಿಂದ ಆನ್‌ಲೈನಿನಲ್ಲಿ ಕಳಿಸುತ್ತಾರೆ, ಆಯ್ಕೆಯಾದರೆ 10,000 ರೂಪಾಯಿ ನೇರ ಮಗುವಿನ ಬ್ಯಾಂಕ್ ಖಾತೆಗೆ. ಮಾದರಿ ಮಾಡಿಕೊಂಡು ಜಿಲ್ಲಾ ಮಟ್ಟದ ಪ್ರದರ್ಶನಕ್ಕೆ ಹೋಗಬೇಕು, ಗೆದ್ದರೆ ರಾಜ್ಯ, ಆಮೇಲೆ ರಾಷ್ಟ್ರ ಮಟ್ಟ. ರೂಮು ಬೇಡ, ಟೆಂಡರು ಬೇಡ, ಎರಡು ಕೋಣೆಯ ಶಾಲೆಯಿಂದಲೂ ಹೋಗಬಹುದು. ದುಡ್ಡಿಗೆ ತಕ್ಕ ಬೆಲೆ ಅಂತ ಕೇಳಿದರೆ ನನ್ನ ಓಟು ಇದಕ್ಕೆ. ತೊಂದರೆ ಏನು ಅಂದರೆ, ಐಡಿಯಾ ಯಾರದ್ದು, ಮಾದರಿ ಮಾಡಿದ್ದು ಯಾರು ಅನ್ನುವುದು ಪ್ರದರ್ಶನದ ಮೇಜಿನ ಮುಂದೆ ಎರಡು ಪ್ರಶ್ನೆ ಕೇಳಿದರೆ ಗೊತ್ತಾಗಿಬಿಡುತ್ತದೆ. ನನ್ನ ಅಂಗಡಿಗೇ ಬಂದು "ನೀವೇ ಮಾಡಿಕೊಡಿ, ಎಷ್ಟಾಗುತ್ತೆ ಹೇಳಿ" ಅಂದ ಅಪ್ಪಂದಿರಿದ್ದಾರೆ. ಮಾಡಿಕೊಡುವುದಿಲ್ಲ, ಹುಡುಗನನ್ನು ಕಳಿಸಿ ಅನ್ನುತ್ತೇನೆ. ಕೆಲವರು ಕಳಿಸಿದ್ದಾರೆ, ಕೆಲವರು ಬೇರೆ ಅಂಗಡಿಗೆ ಹೋಗಿದ್ದಾರೆ.

ಎರಡನೆಯದು ಅಗಸ್ತ್ಯ ಫೌಂಡೇಶನ್ನಿನ ವ್ಯಾನು. 1999ರಲ್ಲಿ ಶುರುವಾದ ಸಂಸ್ಥೆ, ಕೋಲಾರದ ಗಡಿ ದಾಟಿದ ಕೂಡಲೇ ಸಿಗುವ ಆಂಧ್ರದ ಕುಪ್ಪಂ ಹತ್ತಿರ 172 ಎಕರೆ ಜಾಗದಲ್ಲಿ ಅವರ ಕ್ಯಾಂಪಸ್ ಇದೆ. ಪ್ರಯೋಗದ ಸಾಮಾನು ತುಂಬಿಕೊಂಡು ಒಬ್ಬ ಕಲಿಸುವವರು ವ್ಯಾನಿನಲ್ಲಿ ಶಾಲೆಗೇ ಬರುತ್ತಾರೆ, ದಾರಿ ಕಷ್ಟ ಇರುವ ಕಡೆಗೆ ಬೈಕಿನಲ್ಲೂ ಹೋಗುತ್ತಾರೆ. ಸಾಮಾನು ಅಗ್ಗದ್ದು, ಆದರೆ ಜೊತೆಗೆ ಮನುಷ್ಯ ಬರುತ್ತಾನೆ. ಅಟಲ್ ಲ್ಯಾಬಿನ ತಿರುವುಮುರುವು ಇದು. ಕೊರತೆ ಅಂದರೆ ಸಂಜೆ ವ್ಯಾನಿನ ಜೊತೆ ಸಾಮಾನೂ ಹೊರಡುತ್ತದೆ. ಹಸಿರು ಹಿಡಿದ ಪ್ಲೇಟನ್ನು ವಾರಗಟ್ಟಲೆ ಇಟ್ಟು ನೋಡುವಂಥ ಕೆಲಸ ಅಲ್ಲಿ ಆಗುವುದು ಕಷ್ಟ.

ಎರಡೂವರೆ ಮಾರ್ಕಿನ ವಿಷಯಕ್ಕೆ ಬರೋಣ. ಲ್ಯಾಬ್ ಆ ಶಾಲೆಯ ಮಕ್ಕಳಿಗೆ ಮಾತ್ರ ಅಲ್ಲ, ಸುತ್ತಲಿನ ಶಾಲೆಯವರಿಗೂ ಊರಿನವರಿಗೂ ಉಪಯೋಗ ಆಗಬೇಕು ಅನ್ನುವುದು ಯೋಜನೆಯ ಆಶಯ. 2018ರ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಯ ಸುತ್ತಮುತ್ತ ದೇಶದ ಎಲ್ಲಾ ಲ್ಯಾಬ್‌ಗಳಲ್ಲಿ ಕಮ್ಯುನಿಟಿ ಡೇ ಅಂತ ಮಾಡಿಸಿದ್ದೂ ಇದಕ್ಕೇ. ಐಡಿಯಾ ಬಹಳ ಚೆನ್ನಾಗಿದೆ. ನಡೆಯುವುದು ಮಾತ್ರ ಬೇರೆ. ನಮ್ಮಲ್ಲಿ ಮೂರು ಕಿಲೋಮೀಟರ್ ಆಚೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ, ಆರು ಏಳನೇ ಕ್ಲಾಸಿನ ಮಕ್ಕಳಿಗೆ ಬರಲು ಆಸೆ. ಶನಿವಾರ ಮಧ್ಯಾಹ್ನದ ಬಸ್ಸು ತಪ್ಪಿದರೆ ಮುಂದಿನದು ಸಂಜೆ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಂತ ಬೆಂಗಳೂರಿನವರು ಹೇಳುತ್ತಾರೆ, ಅದು ಸರ್ಕಾರಿ ಬಸ್ಸಿಗೆ. ನಮ್ಮ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು. ಬೇರೆ ಶಾಲೆಯ ಮಗುವಿಗೆ ಲ್ಯಾಬಿನಲ್ಲಿ ಬೆರಳು ಸುಟ್ಟರೆ ಜವಾಬ್ದಾರಿ ಯಾರದ್ದು ಅನ್ನುವ ಪ್ರಶ್ನೆ ಹೆಡ್ ಮೇಷ್ಟ್ರದ್ದು, ಅದೂ ನ್ಯಾಯವೇ. ಕೊನೆಗೆ ಆಗಿದ್ದು ಇಷ್ಟು: ಆ ಶಾಲೆಯ ಮೇಡಂ ಒಬ್ಬರು ಪೋಷಕರ ಹತ್ತಿರ ಒಪ್ಪಿಗೆ ಪತ್ರ ಬರೆಸಿಕೊಂಡು, ತಿಂಗಳಿಗೊಂದು ಶನಿವಾರ ಗೂಡ್ಸ್ ಆಟೋದವರ ಕೈಕಾಲು ಹಿಡಿದು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬಾಡಿಗೆ ಅವರ ಪರ್ಸಿನಿಂದ. 20 ಲಕ್ಷದ ಪಕ್ಕದಲ್ಲಿ ಆಟೋ ಬಾಡಿಗೆಗೆ ಒಂದು ಸಾಲು ಬರೆಯಲು ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಸಿಟ್ಟು.

ಊರಿನವರ ವಿಷಯದಲ್ಲಿ ಮಹಾರಾಷ್ಟ್ರದ ಪಾಬಲ್ ನೆನಪಾಗುತ್ತದೆ. ಪುಣೆ ಹತ್ತಿರದ ಹಳ್ಳಿ. 1983ರಲ್ಲಿ ಶ್ರೀನಾಥ ಕಲಬಾಗ ಅನ್ನುವವರು ಅಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಶಾಲೆ ಬಿಟ್ಟ ಮಕ್ಕಳು ವೆಲ್ಡಿಂಗ್, ವೈರಿಂಗ್, ಕೃಷಿ ಕೆಲಸ ಮಾಡುತ್ತಾ ವಿಜ್ಞಾನ ಕಲಿಯುತ್ತಾರೆ, ಊರಿನವರಿಗೆ ಬೇಕಾದದ್ದನ್ನು ಮಾಡಿಕೊಡುತ್ತಾರೆ. ಅಮೆರಿಕದ ಎಂಐಟಿಯವರು 2002ರಲ್ಲಿ ಬೇಕಾದ ವಸ್ತುವನ್ನು ಯಂತ್ರಗಳಿಂದ ತಾವೇ ಮಾಡಿಕೊಳ್ಳುವ ತಮ್ಮ ಫ್ಯಾಬ್ ಲ್ಯಾಬನ್ನು ಹೊರಗೆ ಮೊದಲು ಇಟ್ಟ ಜಾಗಗಳಲ್ಲಿ ಇದೂ ಒಂದು. ನಮ್ಮ ಲ್ಯಾಬಿನಲ್ಲೂ ತಿಂಗಳಿಗೊಂದು ದಿನ ಊರಿನ ಕೆಟ್ಟ ಟಾರ್ಚು, ಇಸ್ತ್ರಿ ಪೆಟ್ಟಿಗೆ, ಎಲ್‌ಇಡಿ ಬಲ್ಬು ತಂದುಕೊಡಿ, ಮಕ್ಕಳು ಬಿಚ್ಚಿ ನೋಡುತ್ತಾರೆ ಅಂತ ಬೋರ್ಡು ಹಾಕೋಣ ಅಂದೆ. ಬಲ್ಬು, ಟಾರ್ಚಿಗೆ ಒಪ್ಪಿದರು. ಇಸ್ತ್ರಿ ಪೆಟ್ಟಿಗೆಗೆ ನಾನೇ ಮೇಲೆ ಹೇಳಿದ ಹಠ ಅಡ್ಡ ಬಂತು, ಪ್ಲಗ್ ಕತ್ತರಿಸಿ ಒಳಗಿನ ಥರ್ಮೋಸ್ಟಾಟ್ ಮಾತ್ರ ತೋರಿಸುತ್ತೇವೆ. ನನ್ನ ಅಂಗಡಿಗೆ ಗಿರಾಕಿ ಕಡಿಮೆಯಾಗಲ್ವಾ ಅಂತ ಕೇಳಿದವರಿದ್ದಾರೆ. ಎಲ್‌ಇಡಿ ಬಲ್ಬು ರಿಪೇರಿಯಲ್ಲಿ ಯಾರೂ ಮನೆ ಕಟ್ಟಿಲ್ಲ ಸ್ವಾಮಿ.

ಹೊಸದಾಗಿ ಲ್ಯಾಬ್ ಬರುವ ಶಾಲೆಯವರಿಗೆ ನನ್ನ ಕಡೆಯಿಂದ ಕೆಲವು ಮಾತು. ಖರೀದಿ ಮಾಡುವಾಗ ಪ್ರಿಂಟರಿನ ಜೊತೆ ಹೆಚ್ಚುವರಿ ನಾಝಲ್, ಎರಡು ಸುರುಳಿ ದಾರ, ಮತ್ತು ಕೀ ಚೈನು ಅಲ್ಲದೆ ಬಿಚ್ಚಿ ಜೋಡಿಸುವುದನ್ನು ಕನ್ನಡದಲ್ಲಿ ಹೇಳಿಕೊಡುವ ಒಂದು ದಿನ, ಇಷ್ಟನ್ನೂ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಆಮೇಲೆ ಫೋನು ಎತ್ತುವುದಿಲ್ಲ. ಲ್ಯಾಬ್ ಕೀ ಒಬ್ಬರ ಜೇಬಿನಲ್ಲಿ ಇರಬಾರದು, ಮೇಷ್ಟ್ರು ರಜೆ ಹಾಕಿದ ದಿನವೇ ಮಕ್ಕಳಿಗೆ ಬಿಡುವು ಇರುತ್ತದೆ. ಸೆನ್ಸರಿಗಿಂತ ಜಂಪರ್ ವೈರು ಜಾಸ್ತಿ ತರಿಸಿ. ಲ್ಯಾಬ್ ಇನ್ನೂ ಬಂದಿಲ್ಲ ಅಂದರೆ ಕಾಯಬೇಡಿ, ಕಂಪ್ಯೂಟರ್ ಮತ್ತು ನೆಟ್ ಇದ್ದರೆ ಟಿಂಕರ್‌ಕ್ಯಾಡ್ ಅನ್ನುವ ವೆಬ್‌ಸೈಟಿನಲ್ಲಿ ಆರ್ಡುಯಿನೋ ಸರ್ಕ್ಯೂಟನ್ನು ಪರದೆಯ ಮೇಲೆಯೇ ಬಿಟ್ಟಿಯಾಗಿ ಜೋಡಿಸಿ ಓಡಿಸಬಹುದು. ಅಲ್ಲಿ ಎಲ್‌ಇಡಿ ಸುಟ್ಟರೂ ದುಡ್ಡಿಲ್ಲ. ನಿಮ್ಮೂರಿನಲ್ಲಿ ರೇಡಿಯೋ ರಿಪೇರಿಯವರು, ಮೋಟರ್ ವೈಂಡಿಂಗ್‌ನವರು, ಲೇತ್ ಇಟ್ಟುಕೊಂಡವರು ಯಾರಾದರೂ ಇದ್ದೇ ಇರುತ್ತಾರೆ, ಉದ್ಘಾಟನೆಗೆ ಅವರನ್ನೂ ಕರೆಯಿರಿ. ವೇದಿಕೆ ಮೇಲೆ ಕೂರಿಸಬೇಕಾಗಿಲ್ಲ, ಚಹಾ ಕೊಟ್ಟರೆ ಸಾಕು.

ಅರ್ಜಿ ಹಾಕಬೇಕಾ ಬೇಡವಾ ಅಂತ ಕೇಳಿದರೆ, ಹಾಕಿ. ಬೀಗ ಹಾಕಿದ ಲ್ಯಾಬ್ ಇರುವ ಶಾಲೆಗಳ ಬಗ್ಗೆ ನಾನೂ ಕೇಳಿದ್ದೇನೆ. ಬೀಗ ತೆಗೆಯಬಹುದು, ಲ್ಯಾಬೇ ಇಲ್ಲದ ಕಡೆ ತೆಗೆಯಲು ಏನೂ ಇಲ್ಲ.

ನನಗೆ ಈಗ ತಲೆನೋವಾಗಿರುವುದು ಆರನೇ ವರ್ಷ. ಐದು ವರ್ಷದ ದುಡ್ಡು ಮುಗಿದ ಮೇಲೆ ವೈರು, ದಾರ, ನಾಝಲ್, ಬ್ಯಾಟರಿಯ ಖರ್ಚು ಶಾಲೆಯದೇ. ಪೋಷಕರ ಸಭೆಯಲ್ಲಿ ಈ ಮಾತು ಎತ್ತಿದೆವು. ತಿಂಗಳಿಗೆ ಇಷ್ಟು ಅಂತ ಹಳೇ ವಿದ್ಯಾರ್ಥಿಗಳ ಸಂಘದವರು ಒಪ್ಪಿದ್ದಾರೆ, ಅಡಿಕೆ ರೇಟು ಚೆನ್ನಾಗಿದ್ದ ತಿಂಗಳಲ್ಲಿ ಒಪ್ಪಿದ್ದು ಅದು. ಬರೆದು ಕೊಡಿ ಅಂತ ಮೇಷ್ಟ್ರು ಹಿಂದೆ ಬಿದ್ದಿದ್ದಾರೆ, ಇನ್ನೂ ಕೊಟ್ಟಿಲ್ಲ.